ಕಾಲು ಒತ್ತಿಕೊಂಡರೆ ನಿದ್ದೆ ಬರುತ್ತಾ?

"ಮಲಗಿದ ತಕ್ಷಣ ಕಾಲೊಳಗೆ ಏನೋ ಹರಿದಾಡಿದ ಹಾಗಾಗುತ್ತೆ. ಒದರಿದರೆ ಹೋಗುತ್ತೆ, ಸುಮ್ಮನಾದರೆ ಮತ್ತೆ ಶುರು. ನಿಮಗೂ ಇದೆಯಂತಲ್ಲ, ಏನು ಮಾಡ್ತೀರಿ? ಒತ್ತಿಕೊಂಡರೆ ಹೋಗುತ್ತಾ? ಇಲ್ಲ ಚೆನ್ನಾಗಿ ನಡೆದು ಕಾಲನ್ನ ಸುಸ್ತು ಮಾಡಿಬಿಡೋದಾ?"

ನನ್ನ ಕಾಲಿನ ವಿಷಯ ಗೊತ್ತಿರುವವರೆಲ್ಲ ಒಮ್ಮೆಯಾದರೂ ಹೀಗೆ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದಿಡುತ್ತೇನೆ. ಒತ್ತಿಕೊಂಡರೆ ಆ ರಾತ್ರಿಯ ಮಟ್ಟಿಗೆ ಅನುಕೂಲ. ವ್ಯಾಯಾಮದ ಫಲ ಕಾಣಲು ವಾರಗಳು ಬೇಕು. ಸುಸ್ತು ಮಾಡಿಕೊಳ್ಳುವ ಉಪಾಯ ಮಾತ್ರ ಬೇಡ, ನಾನು ಮಾಡಿ ಕೆಟ್ಟಿದ್ದೇನೆ.

ಅದಕ್ಕೂ ಮೊದಲು, ನಿಮಗಿರುವುದು ಇದೇನಾ ಅಂತ ನೋಡಿಕೊಳ್ಳಿ. ಸ್ನಾಯು ಸೆಳೆತವಾದರೆ ಮೀನಖಂಡ ಕೈಗೆ ಕಲ್ಲಿನ ಹಾಗೆ ಗಟ್ಟಿಯಾಗಿ ಸಿಗುತ್ತದೆ, ಜೀವ ಹೋಗುವಷ್ಟು ನೋವಿರುತ್ತದೆ. ಜೋಮು ಹಿಡಿದಿದ್ದರೆ ಮಗ್ಗುಲು ಬದಲಿಸಿದ ಮೇಲೆ ಬಿಡುತ್ತದೆ. ಇದು ಎರಡೂ ಅಲ್ಲ. ಮುಟ್ಟಿದರೆ ಸ್ನಾಯು ಮೆತ್ತಗೇ ಇರುತ್ತದೆ, ನೋವು ಅನ್ನಲೂ ಆಗದು, ಆದರೆ ಕಾಲನ್ನು ಆಡಿಸದೆ ಇರಲಾಗದು. ವಿಶ್ರಾಂತಿಗೆ ಕೂತಾಗಲೋ ಮಲಗಿದಾಗಲೋ ಏಳುತ್ತದೆ, ಆಡಿಸಿದಷ್ಟು ಹೊತ್ತು ತಣ್ಣಗಿರುತ್ತದೆ, ಸಂಜೆಯಿಂದ ರಾತ್ರಿಗೆ ಏರುತ್ತದೆ. ಇಷ್ಟೂ ಕೂಡಿದ್ದರೆ ಅದಕ್ಕೆ ವೈದ್ಯರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅನ್ನುತ್ತಾರೆ. ಹೊಸ ಕಾಯಿಲೆಯೇನಲ್ಲ. ಥಾಮಸ್ ವಿಲ್ಲಿಸ್ ಎಂಬ ವೈದ್ಯ 1672ರಲ್ಲೇ ಇದನ್ನು ಬರೆದಿಟ್ಟಿದ್ದ, ರೋಗಿಗಳಿಗೆ ಮಲಗುವುದೆಂದರೆ ಚಿತ್ರಹಿಂಸೆಯ ಜಾಗದಲ್ಲಿ ಇದ್ದಂತೆ ಎಂದು. ಅವನಿಗೂ ಇತ್ತೇನೋ ಅನ್ನಿಸುವಷ್ಟು ಸರಿಯಾದ ಮಾತು! ಈಗಿನ ಹೆಸರು 1945ರದು, ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್ಬಾಮ್ ಕೊಟ್ಟದ್ದು.

ಇನ್ನು ನಾನು ಕೆಟ್ಟ ಕಥೆ. ಕಾಲಿಗೆ ಚೈತನ್ಯ ಜಾಸ್ತಿಯಾಗಿ ಹೀಗೆ ಕುಣಿಯುತ್ತಿದೆ, ಇಳಿಸಿಬಿಡೋಣ ಅಂತ ಒಂದು ದಿನ ರಾತ್ರಿ ಊಟಕ್ಕೆ ಮುಂಚೆ ಏದುಸಿರು ಬರುವವರೆಗೆ ಓಡಿದೆ. ವರ್ಷದಿಂದ ಓಡದವನು ಒಂದು ಗಂಟೆ ಓಡಿದ್ದು. ಮೈ ಹಣ್ಣಾಗಿ ಹಾಸಿಗೆಗೆ ಬಿದ್ದೆ, ಕಣ್ಣು ಎಳೆಯುತ್ತಿತ್ತು, ಕಾಲು ಮಾತ್ರ ಎರಡೂವರೆಯವರೆಗೆ ಬಿಡಲಿಲ್ಲ. ಮೊಣಕಾಲಿಂದ ಕೆಳಗೆ ಹೊದಿಕೆ ಸೋಕಿದರೂ ಸಿಟ್ಟು ಬರುತ್ತಿತ್ತು. ಈ ತೊಂದರೆಯ ಮೂಲ ದಣಿಯದ ಕಾಲಿನಲ್ಲಿಲ್ಲ. ಮೆದುಳಿನಲ್ಲಿ ಕಬ್ಬಿಣಾಂಶ ಕಡಿಮೆಯಾಗುವುದು ಮತ್ತು ಚಲನೆಯನ್ನು ನೋಡಿಕೊಳ್ಳುವ ರಾಸಾಯನಿಕ ಡೋಪಮೈನ್‌ನ ಏರುಪೇರು, ಈ ಎರಡರ ಕಡೆಗೇ ಸಂಶೋಧನೆಗಳು ಬೊಟ್ಟು ಮಾಡುತ್ತವೆ. ಕಾಲನ್ನು ಬಡಿದು ಮಲಗಿಸಲು ಹೋದರೆ ಅದು ಹೇಗೆ ಕೇಳೀತು?

ಹಾಗಂತ ವ್ಯಾಯಾಮ ಬಿಟ್ಟು ಕೂತರೂ ಕೆಡುತ್ತದೆ, ಅದನ್ನೂ ಕಂಡಿದ್ದೇನೆ. ಬೇಕಾದದ್ದು ಹದ. 2006ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ವಾರಕ್ಕೆ 3 ದಿನ ಟ್ರೆಡ್‌ಮಿಲ್ ಮೇಲೆ ನಡೆದು ಜೊತೆಗೆ ಕಾಲಿಗೆ ಬಲ ಕೊಡುವ ವ್ಯಾಯಾಮ ಮಾಡಿದವರಿಗೆ 6 ವಾರಕ್ಕೇ ಕಾಟ ಗಣನೀಯವಾಗಿ ತಗ್ಗಿತ್ತು. ಅಧ್ಯಯನ ಇದ್ದದ್ದು 12 ವಾರ. ಅಂದರೆ ಮೂರು ದಿನ ಮಾಡಿ "ಏನೂ ಆಗ್ಲಿಲ್ಲ" ಅನ್ನಬೇಡಿ.

ನನ್ನ ಲೆಕ್ಕ ಹೀಗಿದೆ. ಹಗಲಲ್ಲಿ ಅರ್ಧ ಗಂಟೆ, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗಬಹುದಾದ ವೇಗದಲ್ಲಿ ನಡಿಗೆ. ದಿನ ಬಿಟ್ಟು ದಿನ ಕಾಲಿನ ಬಲಕ್ಕೆ ಹತ್ತು ನಿಮಿಷ. ಇಲ್ಲಿ ಹೆಚ್ಚಿನವರು ಹಿಮ್ಮಡಿ ಎತ್ತಿ ಇಳಿಸುವುದೊಂದನ್ನೇ ಮಾಡುತ್ತಾರೆ, ಮೀನಖಂಡ ಬಿಗಿಯುತ್ತಾ ಹೋಗುತ್ತದೆ, ಮುಂಭಾಗದ ಸ್ನಾಯು ಹಾಗೇ ಉಳಿಯುತ್ತದೆ. ಹಿಮ್ಮಡಿ ಎಷ್ಟು ಸಲ ಎತ್ತುತ್ತೀರೋ ಅಷ್ಟೇ ಸಲ ಹಿಮ್ಮಡಿ ಊರಿ ಪಾದದ ಮುಂಭಾಗವನ್ನೂ ಎತ್ತಿ. ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು ತೊಡೆಯ ಮುಂಭಾಗಕ್ಕಾದರೆ, ಅಂಗಾತ ಮಲಗಿ ಸೊಂಟ ಎತ್ತುವುದು ತೊಡೆಯ ಹಿಂಭಾಗಕ್ಕೆ. ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಂಡರೆ ಅದು ನಿಮ್ಮ ಅಳತೆ ಮೀರಿದೆ ಅಂತಲೇ ಅರ್ಥ. ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲೇ ಭಾರಿ ವ್ಯಾಯಾಮ ಮುಗಿದಿರಲಿ. ಆಮೇಲೆ ಏನಿದ್ದರೂ ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸುವಷ್ಟು ಮಾತ್ರ.

ಈಗ ಒತ್ತಿಕೊಳ್ಳುವ ವಿಷಯ. ಮಂಚದ ಅಂಚಿನಲ್ಲಿ ಕೂತು ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲೆ ಹಾಕಿಕೊಳ್ಳಿ. ಅಂಗಾಲಿನಿಂದ ಶುರು. ಎರಡೂ ಹೆಬ್ಬೆರಳನ್ನು ಹಿಮ್ಮಡಿಯ ಮುಂದೆ ಒತ್ತಿ, ಬೆರಳಿನ ಬುಡದವರೆಗೆ ನಿಧಾನಕ್ಕೆ ಸರಿಸಿ. ಆಮೇಲೆ ಕಾಲು ಇಳಿಸಿ, ಮೊಣಕಾಲು ಮಡಚಿ ಪಾದ ಊರಿ. ಮೀನಖಂಡ ತಾನಾಗಿ ಸಡಿಲವಾಗಿ ಜೋಲುತ್ತದೆ, ಅದನ್ನು ಎರಡೂ ಅಂಗೈ ನಡುವೆ ಹಿಡಿದು ಪಾದದ ಗಂಟಿನಿಂದ ಮೇಲಕ್ಕೆ ಹಿಸುಕುತ್ತಾ ಬನ್ನಿ. ಉಸಿರು ಬಿಡುವಾಗ ಒತ್ತು, ಎಳೆಯುವಾಗ ಸಡಿಲ. ನನ್ನ ಕಾಲಿನಲ್ಲಿ ಮೀನಖಂಡ ಅತಿ ದಪ್ಪವಾಗುವ ಜಾಗಕ್ಕಿಂತ ಎರಡು ಬೆರಳು ಕೆಳಗೆ ಒಂದು ಜಾಗವಿದೆ. ಅಲ್ಲಿ ಹೆಬ್ಬೆರಳು ಇಟ್ಟು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಒತ್ತಿದರೆ, ಆರೋ ಏಳೋ ಎಣಿಸುವಾಗ ಒಳಗಿನ ಹರಿದಾಟ ಮಂದವಾಗುತ್ತದೆ. ನಿಮ್ಮದು ಬೇರೆ ಕಡೆ ಇರಬಹುದು, ಹುಡುಕಿಕೊಳ್ಳಿ. ಎಲ್ಲರೂ ಮರೆಯುವ ಜಾಗವೊಂದಿದೆ: ಮೊಣಕಾಲಿನ ಕೆಳಗೆ ಮುಂದೆ ಕೈಗೆ ಸಿಗುವ ಮೂಳೆಯ ಹೊರಪಕ್ಕದ ಸ್ನಾಯು. ಅದನ್ನು ಮುಷ್ಟಿಯ ಗೆಣ್ಣಿನಿಂದ ಮೇಲಿಂದ ಕೆಳಕ್ಕೆ ನೀವಿ, ಮೂಳೆಯ ಮೇಲೆ ಮಾತ್ರ ಬೇಡ. ಕಾಲೊಂದಕ್ಕೆ ಐದು ನಿಮಿಷ ಸಾಕು. ನೋವಾಗುವಷ್ಟು ಒತ್ತಿದರೆ ಹೆಚ್ಚು ಗುಣ ಅನ್ನುವುದು ಭ್ರಮೆ, ಮರುದಿನ ಕಾಲು ಇನ್ನಷ್ಟು ಕೆರಳುತ್ತದೆ.

ನಡುರಾತ್ರಿ ಎಚ್ಚರವಾದರೆ ಕೂರುವುದೂ ಬೇಡ. ಅಂಗಾತ ಮಲಗಿ ಎಡ ಮೊಣಕಾಲು ಮಡಚಿ, ಬಲಗಾಲಿನ ಮೀನಖಂಡವನ್ನು ಅದರ ಮೇಲೆ ಇಳಿಬಿಟ್ಟು ಹಿಂದಕ್ಕೂ ಮುಂದಕ್ಕೂ ಜಾರಿಸಿ. ಕಾಲಿನ ಭಾರವೇ ಒತ್ತುತ್ತದೆ, ಕೈ ಹೊದಿಕೆಯೊಳಗೇ ಬೆಚ್ಚಗಿರುತ್ತದೆ. ಪಕ್ಕದಲ್ಲಿ ಮಲಗಿದವರಿಗೂ ಎಚ್ಚರವಾಗುವುದಿಲ್ಲ (ಮನೆಯಲ್ಲಿ ಈ ಉಪಾಯವನ್ನು ಹೆಚ್ಚು ಮೆಚ್ಚಿದವರು ಅವರೇ).

ಒತ್ತಬಾರದ ಹೊತ್ತೂ ಇದೆ. ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ಅಲ್ಲಿ ಕೈ ಇಡಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ವೈದ್ಯರಿಗೆ ತೋರಿಸಬೇಕು. ಉಬ್ಬಿದ ನರಗಳ ಮೇಲೆ, ಮೊಣಕಾಲಿನ ಹಿಂದಿನ ಗುಳಿಯಲ್ಲಿ ಬೆರಳು ಊರಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದೂ ಅಪಾಯ, ಸುಟ್ಟದ್ದು ಗೊತ್ತಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಫೆರಿಟಿನ್ ಪರೀಕ್ಷೆ ಆಗಿದೆಯಾ? ಹೆಚ್ಚಿನವರು "ಹಿಮೋಗ್ಲೋಬಿನ್ ಸರಿ ಇದೆ" ಅನ್ನುತ್ತಾರೆ. ಅದು ಬೇರೆ, ಇದು ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ಕಡಿಮೆ ಇರಬಹುದು. ಈ ತೊಂದರೆ ಇರುವವರಲ್ಲಿ ಫೆರಿಟಿನ್ 75ಕ್ಕಿಂತ ಮೇಲಿಲ್ಲದಿದ್ದರೆ ಕಬ್ಬಿಣದ ಮಾತ್ರೆಯ ಬಗ್ಗೆ ವೈದ್ಯರು ಯೋಚಿಸುತ್ತಾರೆ, ಬೇರೆಯವರಿಗೆ ಅದೇ ಅಂಕಿ ಮಾಮೂಲು ಅನ್ನಿಸಿಕೊಳ್ಳಬಹುದು. ನೀವಾಗಿಯೇ ಮಾತ್ರೆ ನುಂಗಬೇಡಿ, ಕಬ್ಬಿಣ ಹೆಚ್ಚಾದರೂ ಕೇಡು. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳಲ್ಲಿ ಈ ಕಾಲಿನ ಕಾಟ ಕಾಣಿಸಿಕೊಳ್ಳುವುದು ಸಾಮಾನ್ಯ, ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಬಿಟ್ಟುಹೋಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಲ್ಲೂ ಹೆಚ್ಚು. ಇನ್ನೊಂದು, ನೆಗಡಿಗೂ ಅಲರ್ಜಿಗೂ ಕೊಡುವ, ನಿದ್ದೆ ಬರಿಸುವ ಹಳೆಯ ಕಾಲದ ಮಾತ್ರೆಗಳು ಇದನ್ನು ಕೆರಳಿಸುತ್ತವೆ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳೂ ವಾಂತಿಗೆ ಕೊಡುವ ಕೆಲವೂ ಹಾಗೆಯೇ. ತಕ್ಷಣ ಬಿಟ್ಟುಬಿಡಿ ಅಂತಲ್ಲ, ವೈದ್ಯರಿಗೆ ಹೇಳಿ. ಸಂಜೆಯ ಕಾಫಿ, ಮದ್ಯ, ಸಿಗರೇಟು ಬಿಟ್ಟು ಎರಡು ವಾರ ನೋಡಿ. ನನಗೆ ಕಾಫಿ ಬಿಟ್ಟದ್ದು ಕೆಲಸ ಮಾಡಿತು, ಒಪ್ಪಿಕೊಳ್ಳಲು ಮಾತ್ರ ಮೂರು ವರ್ಷ ಹಿಡಿಯಿತು.

"ರಾತ್ರಿ ಬಸ್ಸಲ್ಲಿ ಏನು ಮಾಡ್ತೀರಿ?" ಅನ್ನುವುದು ಕೊನೆಯ ಪ್ರಶ್ನೆ. ಓಡಾಡುವ ದಾರಿಯ ಪಕ್ಕದ ಸೀಟು ಹಿಡಿಯುತ್ತೇನೆ. ಬ್ಯಾಗಿನಲ್ಲಿ ಟೆನಿಸ್ ಚೆಂಡು ಇರುತ್ತದೆ, ಶೂ ಕಳಚಿ ಅಂಗಾಲಿನ ಕೆಳಗಿಟ್ಟು ಉರುಳಿಸುತ್ತೇನೆ. ಒಮ್ಮೆ ಅದು ಜಾರಿ ಮುಂದಿನ ಸೀಟಿನವರ ಕಾಲ ಬಳಿ ಹೋಗಿತ್ತು. ಅವರು ಎತ್ತಿಕೊಟ್ಟು ಕೇಳಿದರು: "ನಿಮಗೂ ಇದೆಯಾ?"