ಆನ್‌ಲೈನ್ ಡಾಕ್ಟರಿಗೆ ಹಳೆಯ ಡಿಪ್ರೆಶನ್ ವಿಷಯ ಹೇಳಬೇಕಾ?

ಈ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡು ಸಲವಾದರೂ ಬರುತ್ತದೆ. ಮೂಡಿಗೆರೆ ಸಂತೆಯಲ್ಲಿ ಸಿಕ್ಕವರು ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳುತ್ತಾರೆ. ಕೆಲವರು ಮನೆಯವರೆಲ್ಲ ಮಲಗಿದ ಮೇಲೆ ವಾಟ್ಸಾಪ್ ಮಾಡುತ್ತಾರೆ. "ಅಕ್ಕಾ, ವರ್ಷದಿಂದ ಸೊಂಟ ನೋವು. ಆನ್‌ಲೈನಲ್ಲಿ ಡಾಕ್ಟರಿಗೆ ತೋರಿಸೋಣ ಅಂತಿದ್ದೀನಿ. ಹಿಂದೆ ಡಿಪ್ರೆಶನ್‌ಗೆ ಮಾತ್ರೆ ತಗೊಂಡಿದ್ದೆ, ಅದನ್ನ ಹೇಳಬೇಕಾ? ಹೇಳಿದ್ರೆ ಎಲ್ಲಾ ಮನಸ್ಸಿಂದಲೇ ಬಂದಿದ್ದು ಅಂದುಬಿಡ್ತಾರಲ್ವಾ?"

ಹೇಳಿ. ಇದು ನನ್ನ ಉತ್ತರ. ಆದರೆ ನೋವಿನ ವಿಷಯ ಮೊದಲು ಪೂರ್ತಿ ಹೇಳಿ, ಡಿಪ್ರೆಶನ್ ಆಮೇಲೆ ಬರಲಿ. ಯಾಕೆ ಅಂದರೆ ಹೇಳಿಯೂ ಕಷ್ಟಪಟ್ಟಿದ್ದೇನೆ, ಮುಚ್ಚಿಟ್ಟೂ ಕಷ್ಟಪಟ್ಟಿದ್ದೇನೆ.

2018ರಲ್ಲಿ ಅಮ್ಮ ತೀರಿಕೊಂಡ ಮೇಲೆ ನನಗೆ ಡಿಪ್ರೆಶನ್ ಆಯಿತು. ಎಸಿಟಲೊಪ್ರಾಮ್ ಅನ್ನೋ ಮಾತ್ರೆ ಶುರುವಾಯಿತು. 2021ರ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದೆ. ಆವತ್ತು ಹಿಡಿದ ಸೊಂಟ ನೋವು ಬಿಡಲೇ ಇಲ್ಲ. ಮೂರು ತಿಂಗಳಿಗಿಂತ ಜಾಸ್ತಿ ಉಳಿಯುವ ನೋವನ್ನು ಡಾಕ್ಟರುಗಳು ದೀರ್ಘಕಾಲದ ನೋವು ಅನ್ನುತ್ತಾರೆ, ನನ್ನದು ಆ ಗಡಿ ದಾಟಿ ಎಷ್ಟೋ ದಿನವಾಗಿತ್ತು. ದೊಡ್ಡ ಡಾಕ್ಟರಿಗೆ ತೋರಿಸಬೇಕು ಅಂದರೆ ನಮ್ಮ ಕಡೆಯಿಂದ ಹಾಸನಕ್ಕೋ ಮಂಗಳೂರಿಗೋ ಹೋಗಬೇಕು. ಸೊಂಟ ಹಿಡಿದವರಿಗೆ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಲ್ಲಿ ಕೂರುವುದು ಎಂಥ ಕಷ್ಟ ಅಂತ ಕೂತವರಿಗೇ ಗೊತ್ತು. ಹಾಗಾಗಿ ಆನ್‌ಲೈನ್ ದಾರಿ ಹಿಡಿದೆ.

ಮೊದಲನೇ ಸಲ ಶುರುವಿನಲ್ಲೇ ಹೇಳಿಬಿಟ್ಟೆ. ಆ್ಯಪ್‌ನಲ್ಲಿ ಹಿಂದಿನ ಕಾಯಿಲೆ ಅಂತ ಒಂದು ಜಾಗ ಇತ್ತು, ಅಲ್ಲಿ ಡಿಪ್ರೆಶನ್ ಅಂತ ಬರೆದೆ. ವೀಡಿಯೋದಲ್ಲಿ ಬಂದ ಡಾಕ್ಟರು ಮೊದಲು ಓದಿದ್ದೇ ಅದನ್ನ. ಆಮೇಲೆ ಕೇಳಿದ್ದೆಲ್ಲ ನಿದ್ದೆ ಬರುತ್ತಾ, ಅಳು ಬರುತ್ತಾ, ಮನೇಲಿ ಏನಾದರೂ ಗಲಾಟೆನಾ ಅಂತ. ಕಾಲಿಗೆ ಜೋಮು ಬರುತ್ತಾ ಅಂತ ಕೇಳಲಿಲ್ಲ, ಎದ್ದು ನಿಂತು ಬಗ್ಗಿ ತೋರಿಸಿ ಅನ್ನಲಿಲ್ಲ. ಐದು ನಿಮಿಷದಲ್ಲಿ "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ, ಸರಿಹೋಗುತ್ತೆ" ಅಂತ ಮುಗಿಸಿದರು. ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಎರಡನೇ ಸಲ ಬೇರೆ ಡಾಕ್ಟರು. ಈ ಸಲ ಏನೂ ಹೇಳಲಿಲ್ಲ. ಎಸಿಟಲೊಪ್ರಾಮ್ ಇನ್ನೂ ತಗೋತಿದ್ದರೂ, ಬೇರೆ ಮಾತ್ರೆ ಏನಾದರೂ ತಗೋತೀರಾ ಅಂದಾಗ ಇಲ್ಲ ಅಂದೆ. ಅವರು ಐದು ದಿನಕ್ಕೆ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಬರೆದರು. ನೋವು ಸ್ವಲ್ಪ ಇಳಿಯಿತಲ್ಲ ಅಂತ ನಾನೇ ಮೆಡಿಕಲ್ ಶಾಪಿಂದ ತಂದು ಇನ್ನೂ ಹತ್ತು ಹನ್ನೆರಡು ದಿನ ನುಂಗಿದೆ. ಹೊಟ್ಟೆ ಉರಿ ಶುರುವಾಯಿತು, ಆಮೇಲೆ ಮಲ ಟಾರಿನ ಹಾಗೆ ಕಪ್ಪಾಯಿತು. ಊರಿನ ಡಾಕ್ಟರ ಹತ್ತಿರ ಓಡಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ದಿನಾ ಯಾವ ಮಾತ್ರೆ ತಗೋತೀರಿ ಅಂತ.

ವಿಷಯ ಏನು ಅಂದರೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೆ ಸೆರೊಟೋನಿನ್ ಅನ್ನೋ ರಾಸಾಯನಿಕ ಬೇಕು. ಎಸಿಟಲೊಪ್ರಾಮ್ ತರಹದ ಮಾತ್ರೆ ಆ ಕಣಗಳಲ್ಲಿ ಅದನ್ನು ಕಡಿಮೆ ಮಾಡುತ್ತದೆ. ಇನ್ನೊಂದು ಕಡೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವು ಹೊಟ್ಟೆಯ ಒಳಪದರದ ರಕ್ಷಣೆಯನ್ನು ತೆಳುವಾಗಿಸುತ್ತವೆ. ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಜಾಸ್ತಿ. ನನಗೆ ಆಗಿದ್ದು ಅದೇ. ಮುಚ್ಚಿಟ್ಟಿದ್ದು ನಾನು, ಆ ಡಾಕ್ಟರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಹೊಟ್ಟೆಯ ಹುಣ್ಣು ಮಾಯ್ದು ತಿಂಗಳುಗಟ್ಟಲೆ ಆದ ಮೇಲೆ ಮೂರನೇ ಸಲ ಪ್ರಯತ್ನ ಮಾಡಿದೆ. ಈ ಸಲ ಒಂದು ಹಾಳೆಯಲ್ಲಿ ಐದು ಸಾಲು ಬರೆದುಕೊಂಡು ಕೂತೆ. ನೋವು ಎಲ್ಲಿ, ಯಾವಾಗಿಂದ. ಎಂಥ ನೋವು, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಡಿಮೆ. ನೋವಿನಿಂದ ಯಾವ ಕೆಲಸ ನಿಂತಿದೆ. ನಾಲ್ಕನೇ ಸಾಲಲ್ಲಿ ಡಿಪ್ರೆಶನ್: ಯಾವ ವರ್ಷ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಈಗ ಹೇಗಿದ್ದೇನೆ. ಐದನೇ ಸಾಲಲ್ಲಿ ಉಳಿದ ಎಲ್ಲ ಮಾತ್ರೆ, ಕಷಾಯ, ಲೇಹ್ಯ ಸೇರಿಸಿ.

ಎರಡನೇ ಸಾಲಿಗೆ ನಾನು ಎರಡು ದಿನ ತಗೊಂಡೆ. ಆನ್‌ಲೈನಲ್ಲಿ ಡಾಕ್ಟರಿಗೆ ಕೈ ಇಲ್ಲ, ಮುಟ್ಟಿ ನೋಡಲು ಆಗುವುದಿಲ್ಲ. ನಮ್ಮ ಮಾತಿನಿಂದಲೇ ಅವರು ತಿಳಿಯಬೇಕು. "ತುಂಬಾ ನೋವು ಡಾಕ್ಟ್ರೇ" ಅಂದರೆ ಅವರಿಗೆ ಏನೂ ಸಿಗುವುದಿಲ್ಲ. ನಮ್ಮಲ್ಲಿ ಎಷ್ಟು ಪದ ಇವೆ ನೋಡಿ, ಸೆಳೆತ, ಚಳುಕು, ಉರಿ, ಜೋಮು, ಚುಚ್ಚುವುದು, ಹಿಂಡುವುದು. ಇವು ಒಂದೇ ಅಲ್ಲ. ಸೊಂಟದಿಂದ ಕಾಲಿನ ಹಿಂದೆ ಇಳಿದು ಪಾದದವರೆಗೆ ಹೋಗುವ ಉರಿ, ಜೋಮು ಅಂದರೆ ನರದ ಕಡೆ ಬೆರಳು ತೋರಿಸುತ್ತದೆ. ಬಗ್ಗಿದಾಗ ಹಿಡಿದು ಮಲಗಿದರೆ ಬಿಡುವುದು ಬೇರೆ ಕಥೆ. "ಕಾಫಿ ಕೊಯ್ಲಲ್ಲಿ ಅರ್ಧ ಗಂಟೆ ಬಗ್ಗಿ ನಿಂತರೆ ಎಡಗಾಲು ಜೋಮು ಹಿಡಿಯುತ್ತೆ, ಕೂತರೆ ಹತ್ತು ನಿಮಿಷಕ್ಕೆ ಬಿಡುತ್ತೆ" ಅಂತ ನಾನು ಓದಿದೆ. ಆ ಡಾಕ್ಟರು ಬರೆದುಕೊಂಡರು. ಫೋನನ್ನು ಕಿಟಕಿಗೆ ಒರಗಿಸಿ ಇಡಿ, ಹಿಮ್ಮಡಿ ಮೇಲೆ ನಡೆದು ತೋರಿಸಿ ಅಂದರು. ನಾಲ್ಕನೇ ಸಾಲು ಓದುವ ಹೊತ್ತಿಗೆ ಅವರ ತಲೆಯಲ್ಲಿ ನನ್ನ ಸೊಂಟ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಅದನ್ನು ಮಾತ್ರೆ ಆರಿಸಲು ಬೇಕಾದ ಮಾಹಿತಿ ಅಂತಲೇ ತಗೊಂಡರು, ನೋವಿಗೆ ಅದೇ ಕಾರಣ ಅಂದುಕೊಳ್ಳಲಿಲ್ಲ.

ಅವರು ಸೂಚಿಸಿದ್ದು ಡುಲಾಕ್ಸೆಟಿನ್ ಅನ್ನೋ ಮಾತ್ರೆ. ಮನಸ್ಸಿನ ಡಾಕ್ಟರ ಹತ್ತಿರ ಮಾತಾಡಿ, ಎಸಿಟಲೊಪ್ರಾಮ್ ನಿಧಾನವಾಗಿ ಇಳಿಸಿ ಇದಕ್ಕೆ ಬದಲಾಯಿಸಬಹುದಾ ಕೇಳಿ ಅಂದರು, ಡೈಕ್ಲೋಫೆನಾಕ್ ಮತ್ತೆ ಮುಟ್ಟಬೇಡಿ ಅಂದರು, ಜೊತೆಗೆ ಚಿಕ್ಕಮಗಳೂರಲ್ಲಿ ಫಿಸಿಯೋಥೆರಪಿ. ಡುಲಾಕ್ಸೆಟಿನ್ ಡಿಪ್ರೆಶನ್‌ಗೂ ಕೊಡುತ್ತಾರೆ, ದೀರ್ಘಕಾಲದ ಸೊಂಟ ನೋವಿಗೂ ಕೊಡುತ್ತಾರೆ. ಇಲ್ಲೇ ಬಹಳ ಜನ ಎಡವುತ್ತಾರೆ. ನೋವಿಗೆ ಅಂತ ಹೋದವರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದಿರುತ್ತಾರೆ, ಇವರು ಗೂಗಲ್ ಮಾಡಿ ಅದು ಡಿಪ್ರೆಶನ್ ಮಾತ್ರೆ ಅಂತ ನೋಡಿ, ನನಗೆ ಮಂಡೆ ಸರಿಯಿಲ್ಲ ಅಂದುಕೊಂಡರು ಅಂತ ಕಸಕ್ಕೆ ಎಸೆಯುತ್ತಾರೆ. ಹಾಗಲ್ಲ. ಮಿದುಳಿನಿಂದ ಬೆನ್ನುಹುರಿಗೆ ಇಳಿದು ನೋವಿನ ಸುದ್ದಿಯನ್ನು ತಡೆಯುವ ನರಗಳು ಬಳಸುವುದೂ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಅವೇ ರಾಸಾಯನಿಕಗಳನ್ನು. ಡಿಪ್ರೆಶನ್ ಇಲ್ಲದವರಿಗೂ ಈ ಮಾತ್ರೆ ನೋವಿಗೆ ಕೆಲಸ ಮಾಡುತ್ತದೆ. ಡಿಪ್ರೆಶನ್‌ಗೆ ಅಮಿಟ್ರಿಪ್ಟಿಲಿನ್ ಕೊಡುವುದಾದರೆ ಇದರ ಎಷ್ಟೋ ಪಟ್ಟು ಪ್ರಮಾಣ ಬೇಕು.

ಇನ್ನೊಂದು ದೂರು ಕೇಳುತ್ತೇನೆ: "ಡಿಪ್ರೆಶನ್ ಇತ್ತು ಅಂದಿದ್ದಕ್ಕೆ ಗಟ್ಟಿ ಮಾತ್ರೆ ಕೊಡಲಿಲ್ಲ." ಕೆಲವು ಸಲ ಕಾರಣ ಅದಲ್ಲವೇ ಅಲ್ಲ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ಬರುವ ಔಷಧಿಗಳನ್ನು ಆನ್‌ಲೈನಲ್ಲಿ ಬರೆಯುವ ಹಾಗಿಲ್ಲ. ಟ್ರಮಡಾಲ್ ಅನ್ನೋ ಗಟ್ಟಿ ನೋವಿನ ಮಾತ್ರೆ 2018ರಿಂದ ಆ ಪಟ್ಟಿಯಲ್ಲಿದೆ. ಯಾರು ಕೇಳಿದರೂ ಇಲ್ಲ ಅನ್ನಬೇಕು. ಅದೂ ಅಲ್ಲದೆ ಡಿಪ್ರೆಶನ್ ಮಾತ್ರೆಯ ಜೊತೆ ಟ್ರಮಡಾಲ್ ಸೇರಿದರೆ ಮೈಯಲ್ಲಿ ಸೆರೊಟೋನಿನ್ ಮಿತಿಮೀರಿ ನಡುಕ, ಬೆವರು, ಎದೆ ಬಡಿತ, ಫಿಟ್ಸ್ ಬರುವ ಸಾಧ್ಯತೆ ಇದೆ. ಯಾರೋ ಮನೆಯಲ್ಲಿ ಉಳಿದಿದ್ದ ಸ್ಟ್ರಿಪ್ ಕೊಟ್ಟರು ಅಂತ ದಯವಿಟ್ಟು ನುಂಗಬೇಡಿ. ಹಾಗೆಯೇ, ಡಾಕ್ಟರಿಗೆ ಗೊತ್ತಾಗಬಾರದು ಅಂತ ಡಿಪ್ರೆಶನ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸಲೂ ಬೇಡಿ.

ಎಲ್ಲ ಸರಿಯಾಗಿ ಹೇಳಿದರೂ "ಎಲ್ಲಾ ಮನಸ್ಸಿಂದ" ಅಂದರೆ? ಒಂದು ಮಾತು ಕೇಳಿ: "ಡಾಕ್ಟ್ರೇ, ಡಿಪ್ರೆಶನ್ ಇಲ್ಲದವರು ಇದೇ ನೋವು ಹೇಳಿದ್ರೆ ಯಾವ ಪರೀಕ್ಷೆ ಮಾಡಿಸ್ತಿದ್ರಿ?" ಗೌರವದಿಂದಲೇ ಕೇಳಿ. ಉತ್ತರ ಸಿಗದಿದ್ದರೆ ಕರೆ ಮುಗಿಸುವ ಹಕ್ಕು ಅದೇ ಮಾರ್ಗಸೂಚಿಯಲ್ಲಿ ನಿಮಗೂ ಇದೆ. ಆದರೆ ನಿದ್ದೆ, ಮನಸ್ಸಿನ ಬಗ್ಗೆ ಕೇಳಿದ ಕೂಡಲೇ ಬೇಜಾರಾಗಬೇಡಿ. ನೋವು ನಿದ್ದೆ ಕೆಡಿಸುತ್ತದೆ, ನಿದ್ದೆ ಕೆಟ್ಟರೆ ನೋವು ಜಾಸ್ತಿಯಾಗುತ್ತದೆ. ಕೇಳಲೇಬೇಕಾದ ಪ್ರಶ್ನೆ ಅದು. ಅದೊಂದನ್ನೇ ಕೇಳುವುದು ಮಾತ್ರ ತಪ್ಪು.

ಗುಟ್ಟಿನ ಬಗ್ಗೆ ಭಯ ಇದ್ದವರಿಗೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಮನೆಯವರು ಪಕ್ಕದಲ್ಲಿದ್ದರೆ ಮಾತಾಡಲು ಕಷ್ಟ ಅನ್ನಿಸಿದರೆ ಮೊದಲೇ ಹೊರಗೆ ಹೋಗಿ ಕೂರಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ, ಹಾಳೆಯ ಫೋಟೋ ಮೊದಲೇ ಕಳಿಸಿಡಿ.

ಕಾಲಿನ ಬಲ ಹೋದರೆ, ಮೂತ್ರ ಮಲ ಹಿಡಿತ ತಪ್ಪಿದರೆ, ತೊಡೆಯ ಸಂದಿ ಮರಗಟ್ಟಿದರೆ ಆನ್‌ಲೈನ್ ಬೇಡವೇ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಬದುಕು ಸಾಕು ಅನ್ನಿಸುವ ರಾತ್ರಿಗಳೂ ಬರುತ್ತವೆ, ನನಗೂ ಬಂದಿದ್ದವು. ಆಗ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದಿನದ ಯಾವ ಹೊತ್ತಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಹೋದ ವಾರ ಆಲ್ದೂರಿನ ಕಡೆಯ ಒಬ್ಬರು ಫೋನ್ ಮಾಡಿದ್ದರು. ಇಬ್ಬರೂ ಫೋನಲ್ಲೇ ಮುಕ್ಕಾಲು ಗಂಟೆ ಕೂತು ಅವರ ಐದು ಸಾಲು ಬರೆದೆವು. ಕೊನೆಗೆ, "ಅಕ್ಕಾ, ಆ ನಾಲ್ಕನೇ ಸಾಲು ಬಿಟ್ಟರೆ ಆಗಲ್ವಾ?" ಅಂದರು. ನನ್ನ ಹೊಟ್ಟೆಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾತ್ರೆಯ ಹೆಸರು ಸರಿಯಾಗಿ ನೋಡಿ ಬರೀತೀನಿ ಅಂತ ಕಪಾಟು ತೆಗೆಯಲು ಎದ್ದರು.