ದುಡ್ಡು ತೊಳೆಯುವ ಸರಸ್ವತಿ

ಜಪಾನಿನಲ್ಲಿ ಟೋಕಿಯೋ ಹತ್ತಿರದ ಕಾಮಾಕುರ ಊರಿನ ದೊಡ್ಡ ಬುದ್ಧ ಚೆನ್ನಾಗಿದ್ದಾನೆ, ಜನ ಮಾತ್ರ ಜಾಸ್ತಿ. ಅವನ ಬಗ್ಗೆ ಇಷ್ಟು ಸಾಕು. ನಾನು ಹೇಳಬೇಕಾದದ್ದು ಬೆಟ್ಟದ ಸಂದಿಯಲ್ಲಿರುವ ಜೆನಿಅರಾಯ್ ಬೆಂಜೈತೆನ್ ಗುಡಿಯ ಬಗ್ಗೆ.

ಬೆಂಜೈತೆನ್ ಅಂದರೆ ನಮ್ಮ ಸರಸ್ವತಿಯೇ. ಬೌದ್ಧರ ಜೊತೆ ಚೀನಾ ದಾಟಿ ಜಪಾನಿಗೆ ಬಂದವಳು. ಕೈಯಲ್ಲಿದ್ದ ವೀಣೆ ಅಲ್ಲಿ ಬಿವಾ ಅನ್ನೋ ತಂತಿವಾದ್ಯ ಆಯಿತು. ಈ ಗುಡಿಯಲ್ಲಂತೂ ಅವಳು ಮನುಷ್ಯನ ತಲೆ, ಹಾವಿನ ಮೈ ಇರುವ ಉಗಾಜಿನ್ ದೇವರ ಜೊತೆ ಬೆರೆತುಹೋಗಿದ್ದಾಳೆ. ಹಾಗಾಗಿ ಇಲ್ಲಿ ಹಾವಿಗೆ ಪ್ರಿಯವಾದ ಮೊಟ್ಟೆಯನ್ನು ಒಪ್ಪಿಸುತ್ತಾರೆ!

ಬಂಡೆ ಕೊರೆದ ಸುರಂಗ ದಾಟಿ ಒಳಗೆ ಹೋಗಬೇಕು. 1185ರಲ್ಲಿ, ಅಲ್ಲಿನ ಪಂಚಾಂಗದ ಸರ್ಪ ವರ್ಷದ ಸರ್ಪ ಮಾಸದ ಸರ್ಪ ದಿನ, ಕಾಮಾಕುರದಿಂದ ಆಳಿದ ಸೇನಾನಾಯಕ ಮಿನಾಮೊತೊ ನೊ ಯೊರಿತೊಮೊನ ಕನಸಿನಲ್ಲಿ ದೇವರು ಬಂದು ಇಲ್ಲಿನ ಒರತೆಯ ಜಾಗ ಹೇಳಿದನಂತೆ. 1257ರಲ್ಲಿ ಅಲ್ಲಿನ ಇನ್ನೊಬ್ಬ ಆಡಳಿತಗಾರ ಹೋಜೋ ತೊಕಿಯೊರಿ ಆ ನೀರಿನಲ್ಲಿ ನಾಣ್ಯ ತೊಳೆದ. ತೊಳೆದ ದುಡ್ಡು ದುಪ್ಪಟ್ಟಾಗುತ್ತದೆ ಅನ್ನೋ ನಂಬಿಕೆ ಅಲ್ಲಿಂದ ಬೆಳೆಯಿತು.

ನಮ್ಮ ಟೂರಿನವರು ಇಷ್ಟಕ್ಕೆಲ್ಲ ಕೊಟ್ಟಿದ್ದು ಬರೀ ಕಾಲು ಗಂಟೆ. ಅದು ನೆನೆದರೆ ಈಗಲೂ ಮೈ ಉರಿಯುತ್ತೆ. ನಾನೂ ಜಪಾನಿ ಬಲ್ಲ ಗೆಳತಿಯೂ ಗುಂಪು ಬಿಟ್ಟು ಉಳಿದುಬಿಟ್ಟೆವು. ನೀವು ಸುಮ್ನೆ ರೈಲಿನಲ್ಲೇ ಬನ್ನಿ. ನಿಲ್ದಾಣದಿಂದ ಸುಮಾರು ಇಪ್ಪತ್ತೈದು ನಿಮಿಷದ ನಡಿಗೆ. ಕೊನೆಯ ಏರು ಮಾತ್ರ ಮಂಡಿ ನೋವಿದ್ದವರಿಗೆ ಕಷ್ಟ.

ಗುಹೆಯೊಳಗೆ ಊದುಬತ್ತಿ ಹೊಗೆ. ಜನ ಬಿದಿರಿನ ಬುಟ್ಟಿಯಲ್ಲಿ ನಾಣ್ಯ ಹಾಕಿ, ಸೌಟಿನಿಂದ ನೀರು ಸುರಿಯುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜಿ ನನ್ನ ಸಾವಿರ ಯೆನ್ ನೋಟನ್ನು ನೋಡಿ, ಪೂರ್ತಿ ನೆನೆಸಬೇಡ, ತುದಿ ಸಾಕು ಅಂದರು.

“ಇದನ್ನು ದೇವರ ಮುಂದೆ ಇಡಬೇಕಾ?” ಅಂತ ಕೇಳಿದೆ.

“ಇಟ್ಟರೆ ಏನು ಬಂತು? ಖರ್ಚು ಮಾಡು. ಓಡಾಡಿದರೆ ತಾನೇ ತಿರುಗಿ ಬರೋದು.”

ಮೊದಲ ಸಂಬಳವನ್ನು ದೇವರ ಮುಂದಿಟ್ಟು ಕೈಮುಗಿಯುವ ಮನೆಯಿಂದ ಬಂದ ನನಗೆ ಇದು ಹೊಸದು. ನಿಮ್ಮಲ್ಲಿ ಈಕೆಯನ್ನು ಏನು ಕೇಳ್ತೀರಿ ಅಂತ ಅಜ್ಜಿ ವಿಚಾರಿಸಿದರು. ವಿದ್ಯೆ ಕೇಳ್ತೀವಿ, ದುಡ್ಡಿಗೆ ಲಕ್ಷ್ಮಿ ಬೇರೆ ಇದ್ದಾಳೆ, ಅವಳು ಅತ್ತೆ, ಇವಳು ಸೊಸೆ, ಇಬ್ಬರೂ ಒಂದೇ ಮನೆಯಲ್ಲಿ ನಿಲ್ಲೋದು ಕಷ್ಟ ಅಂದೆ. ಗೆಳತಿ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿ ಸೌಟು ಕೆಳಗಿಟ್ಟು ನಗತೊಡಗಿದರು. “ಇಲ್ಲೂ ಅದೇ ಕಥೆ! ನಮ್ಮ ಮನೆಗೆ ಬಂದು ನೋಡು.”

ಆ ನೋಟು ಸಂಜೆಯೊಳಗೇ ಖರ್ಚಾಯಿತು. ಟೂರಿನ ಬಸ್ಸು ಹೊರಟುಹೋಗಿತ್ತಲ್ಲ, ಟೋಕಿಯೋ ರೈಲಿನ ಟಿಕೆಟ್ಟಿಗೆ ಬೇಕಾಯಿತು.