17 ಇಂಚಿನ ಸೋಫಾ

ಫೆಬ್ರವರಿ 4

ಮನೆಯ ಸೋಫಾ ನಡು ಮುರಿದುಕೊಂಡಿದೆ. ತಂದು 9 ವರ್ಷ ಆಗಿತ್ತಷ್ಟೆ. ಬೋರಲು ಹಾಕಿ ಅಡಿಯ ಕಪ್ಪು ಬಟ್ಟೆ ಹರಿದರೆ ಒಳಗೆ ಪ್ಯಾಕಿಂಗ್ ಪೆಟ್ಟಿಗೆಯಂಥ ಹಲಗೆ, ರಾಶಿ ಪಿನ್ನು, ಜೊತೆಗೆ ಅಮ್ಮ ಎರಡು ವರ್ಷದಿಂದ ಹುಡುಕುತ್ತಿದ್ದ ಓಲೆಯ ತಿರುಪು. ಮತ್ತೆ ಅಂಥದ್ದನ್ನೇ ತರುವ ಬದಲು ಹಳೇ ಕಾಲದ ಬೀಟೆ (ರೋಸ್‌ವುಡ್) ಮರದ, ಬೆತ್ತ ಹೆಣೆದ ಸೋಫಾ ಸಿಗುತ್ತದೇನೋ ನೋಡೋಣ ಅಂತ ಹೊರಟಿದ್ದೇನೆ. ಕಿಟಕಿಗೂ ಬಾಗಿಲಿಗೂ ನಡುವೆ 6 ಅಡಿ 4 ಇಂಚು ಗೋಡೆ ಇದೆ. ಕೈಯಲ್ಲಿ 60,000 ರೂಪಾಯಿ ಇದೆ.

ಅಮ್ಮನ ಷರತ್ತು ಎರಡು. ಒಂದು, ‘ಯಾರ ಮನೇದು, ಯಾಕೆ ಮಾರ್ತಿದಾರೆ ಕೇಳ್ಕೊಂಡು ತಗೋ. ಸತ್ತೋರು ಮಲಗಿದ್ದು ಬೇಡ.’ ಇನ್ನೊಂದು, ಕೂತರೆ ಏಳಲು ಯಾರೂ ಕೈ ಕೊಡುವಂತಿರಬಾರದು. ಮಂಡಿ ಎರಡೂ ಸವೆದಿವೆ. ಮನೆಯ ಕುರ್ಚಿಗಳಲ್ಲೆಲ್ಲ ಕೂರಿಸಿ ಟೇಪು ಹಿಡಿದೆ. ಕೂರುವ ಎತ್ತರ 17 ಇಂಚು ಇದ್ದರೆ ಸಲೀಸಾಗಿ ಏಳುತ್ತಾಳೆ. 16ಕ್ಕೆ ಇಳಿದರೆ ‘ರಾಮಾ’ ಅನ್ನುತ್ತಾಳೆ. 15ಕ್ಕೆ ನನ್ನ ಭುಜ ಬೇಕು.

ಫೆಬ್ರವರಿ 16

ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಶಿವಾಜಿನಗರದ ಹಳೇ ಫರ್ನಿಚರ್ ಅಂಗಡಿಗಳನ್ನು ಸುತ್ತಿದೆ. ನಾಲ್ಕನೆಯ ಅಂಗಡಿಯಲ್ಲಿ ಮೂರು ಜನ ಕೂರುವಂಥದ್ದೊಂದು ಕಣ್ಣಿಗೆ ಬಿತ್ತು. ಕಪ್ಪು ಮಿರುಗು, ಕೈಹಿಡಿಯ ತುದಿಯಲ್ಲಿ ಸುರುಳಿ. ‘ಪ್ಯೂರ್ ರೋಸ್‌ವುಡ್ ಸಾರ್, ಬ್ರಿಟಿಷ್ ಟೈಮಿಂದು. ನಿಮಗೇಂತ 85ಕ್ಕೆ ಕೊಡ್ತೀನಿ.’

ಹೊರಡುವ ಮೊದಲು ನಮ್ಮ ಬಡಗಿ ಆಚಾರ್ರು ಒಂದೇ ಮಾತು ಹೇಳಿದ್ದರು: ‘ಮುಂದೆ ನಿಂತು ನೋಡಬೇಡಿ, ಅಡಿಗೆ ಮಲಗಿ ನೋಡಿ.’ ಮೊಬೈಲ್ ಟಾರ್ಚ್ ಹಾಕಿಕೊಂಡು ಮಲಗಿದೆ. ಮೊದಲು ಕಂಡದ್ದು ಪ್ಲಸ್ ತಲೆಯ ಸ್ಕ್ರೂ. ಈ ಫಿಲಿಪ್ಸ್ ಸ್ಕ್ರೂಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ. ಯಾರೋ ರಿಪೇರಿ ಮಾಡುವಾಗ ಹಾಕಿರಬಹುದು, ಒಪ್ಪೋಣ. ಆದರೆ ಇಲ್ಲಿ ಚೌಕಟ್ಟು ನಿಂತಿದ್ದೇ ಅವುಗಳ ಮೇಲೆ. ಒಂದು ಮರಕ್ಕೆ ಕಂಡಿ ಕೊರೆದು, ಇನ್ನೊಂದರ ತುದಿ ಅದರೊಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದ ಗುರುತು ಎಲ್ಲೂ ಇಲ್ಲ. ಅಡಿ ಹಲಗೆಯ ಮೇಲೆ ಯಂತ್ರದ ಗುಂಡು ಗರಗಸದ ಕಮಾನು ಗೀರು. ಅದೊಂದೇ ಆಗಿದ್ದರೆ ಬಿಡಬಹುದಿತ್ತು, ಗುಂಡು ಗರಗಸವೂ ಹಳೇದೇ.

ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಸವೆತ. ನಿಜವಾಗಿ ಕೂತು ಸವೆದ ಸೋಫಾದಲ್ಲಿ ಅಂಗೈ ಊರುವ ಕೈಹಿಡಿಯ ತುದಿ ನುಣುಪಾಗಿರುತ್ತದೆ, ಹಿಮ್ಮಡಿ ತಾಗುವ ಮುಂದಿನ ಅಡ್ಡಪಟ್ಟಿ ಮೊಂಡಾಗಿರುತ್ತದೆ, ಗೋಡೆ ಕಡೆಯ ಹಿಂಬದಿಗೆ ಏನೂ ಆಗಿರುವುದಿಲ್ಲ. ಇಲ್ಲಿ ಎಲ್ಲ ಅಂಚೂ ಒಂದೇ ಸಮ ಸವೆದಿವೆ. ಮರಳು ಕಾಗದದ ಕೆಲಸ. ಅಪ್ಪಣೆ ಕೇಳಿ ಕಾಲಿನ ಒಳಬದಿಗೆ ಸ್ಪಿರಿಟ್ ಅದ್ದಿದ ಹತ್ತಿ ಉಜ್ಜಿದೆ. ಹಳೇ ಅರಗಿನ ಪಾಲಿಷ್ ಆಗಿದ್ದರೆ ಅಂಟಂಟಾಗಿ ಜೇನಿನ ಬಣ್ಣ ಬರಬೇಕು. ಬಂದದ್ದು ಫಿಲ್ಟರ್ ಡಿಕಾಕ್ಷನ್ ಬಣ್ಣ. ಅಡಿಯಲ್ಲಿ ಬೆಳ್ಳಗಿನ ಯಾವುದೋ ಮರ. ಒಂದು ಕೊನೆ ಎತ್ತಿದರೆ ಒಂದೇ ಕೈಗೆ ಬಂತು. ಬೀಟೆ ಹಾಗೆಲ್ಲ ಬರುವ ಮರವಲ್ಲ. ಘನ ಮೀಟರಿಗೆ ಸುಮಾರು 850 ಕಿಲೋ ತೂಗುತ್ತದೆ, ತೇಗ 650ರ ಆಸುಪಾಸು.

ಅಂಗಡಿಯವರು ಬೇಜಾರು ಮಾಡಿಕೊಳ್ಳಲಿಲ್ಲ. ‘ನೀವು ಕಾರ್ಪೆಂಟರಾ ಸಾರ್?’ ಅಂತ ಕೇಳಿ ಚಾ ತರಿಸಿದರು.

ಮಾರ್ಚ್ 9

ಈ ಮೂರು ವಾರದಲ್ಲಿ ಬಿಟ್ಟದ್ದರ ಲೆಕ್ಕ. ಗುಂಡಿ ಒತ್ತಿದ ಚರ್ಮದ ಚೆಸ್ಟರ್‌ಫೀಲ್ಡ್: ನಮ್ಮ ಸೆಕೆಗೆ ಬೆನ್ನು ಅಂಟುತ್ತದೆ. ದುಂಡು ಕೈಹಿಡಿಯ ಆರ್ಟ್ ಡೆಕೊ: ನನಗೆ ಬಲು ಇಷ್ಟ, 14 ಇಂಚು ಎತ್ತರ, ಅಮ್ಮ ಒಳಗೆ ಹೋದರೆ ಹಬ್ಬಕ್ಕೇ ಹೊರಗೆ ಬರುವುದು. ಕಾರೈಕುಡಿಗೆ ಹೋಗು, ಚೆಟ್ಟಿನಾಡಿನ ಮನೆಗಳ ಬರ್ಮಾ ತೇಗದ ಸಾಮಾನು ಸಿಗುತ್ತದೆ ಅಂದ ಗೆಳೆಯನಿಗೆ ಲಾರಿ ಬಾಡಿಗೆ ನೀನೇ ಕೊಡು ಅಂದೆ.

‘ಚಂಡೀಗಢ ಸೆಟ್’ ಅಂತೂ ಕೇಳಿದಲ್ಲೆಲ್ಲ ಇದೆ. ಚಂಡೀಗಢದ ನಕ್ಷೆ ಹಾಕಿದ ವಾಸ್ತುಶಿಲ್ಪಿ ಲ ಕಾರ್ಬುಸಿಯೆಯ ದಾಯಾದಿ ಪಿಯೆರ್ ಜೆನರೆ ಆ ಊರಿನ ಸರ್ಕಾರಿ ಕಟ್ಟಡಗಳಿಗಾಗಿ 1950ರ ದಶಕದಲ್ಲಿ ತೇಗ, ಬೆತ್ತದಲ್ಲಿ ಮಾಡಿಸಿದ ಕುರ್ಚಿಗಳವು. ಮುರಿದವನ್ನು ಕಚೇರಿಗಳು ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದವು, ಈಗ ವಿದೇಶದ ಹರಾಜಿನಲ್ಲಿ ಒಂದೊಂದಕ್ಕೂ ಲಕ್ಷಗಟ್ಟಲೆ. ನಮ್ಮಲ್ಲಿ ಮಾರುವುದು ಕಳೆದ ವರ್ಷದ ನಕಲು. ನಕಲು ಅಂತ ಹೇಳಿ ಮಾರಿದರೆ ನನ್ನದೇನೂ ತಕರಾರಿಲ್ಲ, ಕುರ್ಚಿ ಚೆನ್ನಾಗಿಯೇ ಇದೆ.

ಮಾರ್ಚ್ 23

ಸಿಕ್ಕಿತು! ಸಕಲೇಶಪುರದ ಕಡೆ ಒಂದು ತೋಟದ ಮನೆ. ಅಣ್ಣತಮ್ಮಂದಿರು ಪಾಲಾಗುತ್ತಿದ್ದಾರೆ, ಮನೆ ಖಾಲಿ ಮಾಡುತ್ತಿದ್ದಾರೆ. ಸೋಫಾ ಜಗಲಿಯ ಮೂಲೆಯಲ್ಲಿತ್ತು, ಮೇಲೆ ಕಾಫಿ ಚೀಲದ ರಾಶಿ. 5 ಅಡಿ 10 ಇಂಚು ಉದ್ದ. ಇಬ್ಬರು ಹಿಡಿದರೂ ಏಳಲಿಲ್ಲ. ಕೂರುವ ಕಡೆ ಬೆತ್ತ ಹರಿದು ಜೋತುಬಿದ್ದಿತ್ತು, ಬೆನ್ನಿನ ಒಂದು ಅಂಕಣಕ್ಕೆ ಯಾರೋ ನೀಲಿ ಪ್ಲಾಸ್ಟಿಕ್ ವೈರು ಹೆಣೆದಿದ್ದರು. ಆದರೆ ಚೌಕಟ್ಟಿನ ಸುತ್ತ ಕೈಯಲ್ಲಿ ಕೊರೆದ ಸಾಲು ತೂತು. ಈಗಿನ ರೆಡಿಮೇಡ್ ಬೆತ್ತದ ಚಾಪೆಗೆ ತೂತು ಬೇಕಿಲ್ಲ, ಕೊರಕಲಿನಲ್ಲಿ ಒತ್ತಿ ಪಟ್ಟಿ ಹೊಡೆಯುತ್ತಾರೆ. ಇದು ಎಳೆ ಎಳೆಯಾಗಿ ಹೆಣೆದದ್ದೇ. ಹಿಂದಿನ ಪಟ್ಟಿಯಲ್ಲಿ ಚೇಗು, ಅಂದರೆ ಮರದ ಗಟ್ಟಿ ತಿರುಳು, ಬಿಟ್ಟು ಹೊರಗಿನ ಬಿಳಿ ಮರ ಇದ್ದ ಕಡೆ ಮಾತ್ರ ಕುಟ್ಟೆ ಹುಳದ ತೂತು. ತಟ್ಟಿದರೆ ಹಿಟ್ಟು ಉದುರಲಿಲ್ಲ, ಹುಳ ಬಿಟ್ಟುಹೋಗಿ ಕಾಲವಾಗಿದೆ. ಕೂರುವ ಎತ್ತರ ಮಾತ್ರ 15 ಕಾಲು ಇಂಚು. ಅಳೆದ ಟೇಪು ಜೇಬಿಗೆ ಹಾಕಿಕೊಂಡು ಸುಮ್ಮನಾದೆ.

ಅಮ್ಮನಿಗೆ ಫೋನ್ ಮಾಡಿ ಮನೆಯೊಡತಿಯ ಕೈಗೆ ಕೊಟ್ಟೆ. ಎಪ್ಪತ್ತು ದಾಟಿದವರು. ‘ನಮ್ಮ ಮಾವನೋರ ಮದುವೆ ವರ್ಷ ಮಾಡಿಸಿದ್ದಂತಮ್ಮ, 1941. ಇದರ ಮೇಲೆ ಯಾರೂ ಸತ್ತಿಲ್ಲ, ಎಲ್ಲ ಮಂಚದ ಮೇಲೇ ಸತ್ತಿದ್ದು.’ ಆಮೇಲೆ ಇಬ್ಬರೂ ಮಂಡಿ ನೋವಿನ ಎಣ್ಣೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. 32,000ಕ್ಕೆ ಮುಗಿಯಿತು.

ಅಮೆರಿಕದ ತಂಗಿ ಫೋಟೊ ನೋಡಿ ತನಗೂ ಒಂದು ಕಳಿಸು ಅಂತಿದ್ದಾಳೆ. 1972ರ ಪುರಾತನ ವಸ್ತುಗಳ ಕಾಯ್ದೆ ಹೊರದೇಶಕ್ಕೆ ಕಳಿಸದಂತೆ ತಡೆಯಬೇಕಾದರೆ ಸಾಮಾನಿಗೆ 100 ವರ್ಷ ಆಗಿರಬೇಕು, ಆ ಲೆಕ್ಕದಲ್ಲಿ ನಮ್ಮ ಸೋಫಾ ಇನ್ನೂ ಮಗು. ಆದರೆ ಬೀಟೆಯ ಕುಲವೇ 2017ರಿಂದ, ಅಳಿವಿನ ಭಯವಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿದೆ, ಕಾಗದಪತ್ರ ಇಲ್ಲದೆ ಗಡಿ ದಾಟುವುದಿಲ್ಲ. ಬಂದಾಗ ಕೂತು ಹೋಗು ಅಂದೆ.

ಏಪ್ರಿಲ್ 6

ಟೆಂಪೊ ಬಾಡಿಗೆ 6,500. ಬೆತ್ತದ ಸಾಮಾನು ಅಂದರೆ ತಿಗಣೆಯ ಭಯ. ನಮ್ಮ ಬಾಲ್ಯದಲ್ಲಿ ಸಿನಿಮಾ ಟಾಕೀಸಿನಿಂದ ತಿಗಣೆ ತರದವರು ಯಾರಿದ್ದರು? ಅದಕ್ಕೇ ಟೆಂಪೊದಿಂದ ಇಳಿಸಿದ್ದೇ ಹಿತ್ತಲಲ್ಲಿಟ್ಟು ತೂತುಗಳಿಗೆಲ್ಲ ಕುದಿನೀರು ಹೊಯ್ದೆ. ತಿಗಣೆ ಒಂದೂ ಇರಲಿಲ್ಲ. ಮಾರನೆಯ ದಿನ ನೋಡಿದರೆ ನೀರು ಬಿದ್ದ ಕಡೆಯೆಲ್ಲ ಪಾಲಿಷ್ ಹಾಲಿನಂತೆ ಬೆಳ್ಳಗಾಗಿದೆ. ಅರಗಿಗೆ ಬಿಸಿನೀರು ಆಗದು ಅನ್ನುವುದು ನನಗೆ ಹೊಳೆಯಬೇಕಿತ್ತು. ಆಚಾರ್ರು ಬಂದವರು ಸೋಫಾ ನೋಡಲಿಲ್ಲ, ನನ್ನನ್ನೇ ನೋಡಿದರು.

ಏಪ್ರಿಲ್ 20

ಅಲುಗುತ್ತಿದ್ದ ಎರಡು ಕೂಟಗಳನ್ನು ಆಚಾರ್ರು ಬಿಚ್ಚಿದರು. ಒಳಗೆ ಚರ್ಮ ಕುದಿಸಿ ಮಾಡುವ ಹಳೇ ಅಂಟು. ಬೆಚ್ಚಗಿನ ಬಟ್ಟೆ ಸುತ್ತಿದರೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಮತ್ತೆ ಅದನ್ನೇ ಹಾಕಿಸಿದೆ. ಫೆವಿಕಾಲ್ ಗಟ್ಟಿಯೇ, ಆದರೆ ಮುಂದೆ ಇನ್ಯಾರೋ ಬಿಚ್ಚಬೇಕಾದರೆ ಮರವೇ ಸೀಳುತ್ತದೆ.

ಕಾಲು ಮೇಲೆ ಮಾಡಿ ಮಲಗಿಸಿದ್ದಾಗ ಅವರು ಬೆರಳಿಟ್ಟು ತೋರಿಸಿದರು. ನಾಲ್ಕೂ ಕಾಲಿನ ತಳದಲ್ಲಿ ಒಂದೊಂದು ಆಳದ ತೂತು, ಸುತ್ತ ದುಂಡಗೆ ಒತ್ತಿದ ಗುರುತು, ಒಂದರಲ್ಲಿ ಹಸಿರುಗಟ್ಟಿದ ಹಿತ್ತಾಳೆಯ ಚೂರು. ಗಾಲಿ ಇತ್ತು! ಯಾವಾಗಲೋ ಯಾರೋ ಕಿತ್ತಿದ್ದಾರೆ. ಅಂಥ ಹಿತ್ತಾಳೆ ಗಾಲಿ ಒಂದೂವರೆ ಇಂಚಾದರೂ ಎತ್ತರ ಇರುತ್ತದೆ. 15 ಕಾಲಿಗೆ ಸೇರಿಸಿದರೆ 16 ಮುಕ್ಕಾಲು. ಮೇಲೊಂದು ತೆಳು ಹತ್ತಿ ದಿಂಬು. ಸೋಫಾ ಬಂದ ದಿನದಿಂದ ಕುಳ್ಳು ಅಂತ ಅಮ್ಮ ಗೊಣಗುತ್ತಿದ್ದದ್ದು ಸರಿಯೇ ಇತ್ತು. ಹೇಳಿದರೆ, ‘ನಾನು ಅವತ್ತೇ ಹೇಳ್ಲಿಲ್ವಾ?’

ಮೇ 4

ಬೆಂಗಳೂರಿನ ಅವೆನ್ಯೂ ರಸ್ತೆ ಹತ್ತಿರದ ಸಂಡೆ ಬಜಾರು. ಮೂರನೆಯ ಭಾನುವಾರಕ್ಕೆ ಗಾಲಿ ಸಿಕ್ಕಿತು. ಮೂರು ಒಂದೇ ಥರ, ನಾಲ್ಕನೆಯದು ಕೂದಲೆಳೆ ಗಿಡ್ಡ, 1,800 ರೂಪಾಯಿ. ಗಿಡ್ಡ ಗಾಲಿಗೆ ಆಚಾರ್ರು ವಾಷರ್ ಕೊಟ್ಟರು.

ಮೇ 18

ಬೆತ್ತ ಹೆಣೆಯಲು ಬಂದವರಿಗೆ ಕಣ್ಣು ಕಾಣದು. ಅಂಧ ಮಕ್ಕಳ ಶಾಲೆಯಲ್ಲಿ ಕಲಿತ ವಿದ್ಯೆ. ಒಂದು ಕಾಲಕ್ಕೆ ಸರ್ಕಾರಿ ಕಚೇರಿಗಳ ಕುರ್ಚಿ ಹೆಣೆಯುವ ಕೆಲಸ ಇಂಥವರದ್ದೇ. ಎಲ್ಲರೂ ಮೇಷ್ಟ್ರೇ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಮೊದಲು ತೂತುಗಳನ್ನೆಲ್ಲ ಉಗುರಿನಲ್ಲಿ ಎಣಿಸಿದರು. ಬಕೆಟ್ಟಿನಲ್ಲಿ ಬೆತ್ತದ ಸೀಳು ನೆನೆಹಾಕಿಸಿದರು. ಮೊದಲ ಸಾಲು ಹಿಂದಿನಿಂದ ಮುಂದಕ್ಕೆ, ಅದರ ಮೇಲೆ ಅಡ್ಡ, ಮತ್ತೆ ಉದ್ದ, ನಾಲ್ಕನೆಯದು ಹೆಣೆದುಕೊಂಡು ಅಡ್ಡ, ಆಮೇಲೆ ಎರಡೂ ಓರೆ. ಕೊನೆಗೆ ತೂತು ಮುಚ್ಚುವ ಅಂಚು. ಓರೆ ಎಳೆ ಒಂದು ಕಡೆ ತಪ್ಪಿ ಮೇಲೆ ಬಂದಿತ್ತು. ನನಗೆ ಕಾಣಲಿಲ್ಲ, ಅವರ ಅಂಗೈಗೆ ಸಿಕ್ಕಿತು. ಐದು ದಿನದ ಕೆಲಸ, 16 ಚದರ ಅಡಿ, 5,600. ಒದ್ದೆಯಲ್ಲಿ ಹೆಣೆದದ್ದು ಒಣಗುತ್ತಾ ಬಿಗಿಯುತ್ತದೆ. ರಾತ್ರಿಯೆಲ್ಲ ನಡುಮನೆಯಲ್ಲಿ ಟಿಕ್ ಟಿಕ್ ಸದ್ದು. ಸಡಿಲವಾದಾಗ ಅಡಿಯಿಂದ ನೀರು ಒರೆಸಿ ಬಿಸಿಲಿಗಿಡಿ ಅಂದಿದ್ದಾರೆ. ತಣ್ಣೀರು ಅಂತ ಒತ್ತಿ ಹೇಳಿದರು. ಆಚಾರ್ರು ಕುದಿನೀರಿನ ಕಥೆ ಹೇಳಿರಬೇಕು.

ಜೂನ್ 1

ಆಚಾರ್ರ ಕೂಲಿ 9,000 ಸೇರಿ ಒಟ್ಟು 54,900. ದಿಂಬಿಗೆ ಉಳಿದದ್ದು 5,100.

ಇವತ್ತು ಅಮ್ಮ ಕೂತಳು. ದಿಂಬಿಲ್ಲದೆಯೇ ಸರಿಯಾಗಿದೆ ಅಂದಳು. ಎರಡೂ ಕೈಹಿಡಿ ಊರಿ ಏಳಲು ಹೋದಳು. ಸೋಫಾ ರೆಡ್ ಆಕ್ಸೈಡ್ ನೆಲದ ಮೇಲೆ ಸರ್ರನೆ ಅರ್ಧ ಅಡಿ ಹಿಂದೆ ಹೋಗಿ ಗೋಡೆಗೆ ಬಡಿಯಿತು. ಅಮ್ಮ ಅಲ್ಲೇ ಕೂತು ನಕ್ಕದ್ದು ಪಕ್ಕದ ಮನೆಗೂ ಕೇಳಿಸಿತು. ಗಾಲಿ ಕಿತ್ತವರು ಯಾಕೆ ಕಿತ್ತರು ಅಂತ ಈಗ ಗೊತ್ತಾಯಿತು. ಗಾಲಿ ಕೂರಲು ನಾಲ್ಕು ಮರದ ಬಟ್ಟಲು ಕಡೆದುಕೊಡಿ ಅಂತ ಆಚಾರ್ರಿಗೆ ಹೇಳಿದ್ದೇನೆ. ಬಟ್ಟಲಿನ ತಳ ಕಾಲಿಂಚು ದಪ್ಪ ಸಾಕು. ಆಗ ಸರಿಯಾಗಿ 17.